ತಗ್ಗು ಕಾರಿಗೆ ಟ್ರೈಲರ್: ಕೊಳ್ಳುವ ಮೊದಲು ನಾನು ಅಳೆಯುವುದು, ತೂಗುವುದು

ಟ್ರೈಲರ್ ಮೇಲೆ ಹತ್ತಿಸಿ ಸಾಗಿಸುವ ಸ್ಪೋರ್ಟ್ಸ್ ಕಾರು ತೂಕದಲ್ಲಿ ಅಂಥ ಭಾರವೇನಲ್ಲ. ಹೆಚ್ಚಿನವು 1,000ದಿಂದ 1,700 ಕೆ.ಜಿ. ಒಳಗೇ ಬರುತ್ತವೆ. ಹಾಗಾಗಿ ‘ಎಷ್ಟು ಭಾರ ಹೊರುತ್ತೆ?’ ಎಂದು ಕೇಳಿದರೆ ಎರಡು ಆಕ್ಸಲ್‌ನ (ಚಕ್ರಗಳ ಅಚ್ಚು) ಬಹುತೇಕ ಟ್ರೈಲರ್‌ಗಳು ಪಾಸಾಗಿಬಿಡುತ್ತವೆ. ಕೊಂಡಮೇಲೆ ತೊಂದರೆ ಕೊಡುವುದು ಬೇರೆಯೇ: ರ‍್ಯಾಂಪ್ ಮೇಲೆ ಕಾರಿನ ಹೊಟ್ಟೆ ಉಜ್ಜುತ್ತದೆ, ಹತ್ತಿಸಿದಮೇಲೆ ಬಾಗಿಲು ತೆರೆಯುವುದಿಲ್ಲ, ಭಾರ ತಪ್ಪಾದ ಜಾಗದಲ್ಲಿ ಕೂತು ರಸ್ತೆಯಲ್ಲಿ ಟ್ರೈಲರ್ ಬಾಲ ಆಡಿಸುತ್ತದೆ. ಮೂರಕ್ಕೂ ಉತ್ತರ ಕಾರಿನಲ್ಲೇ ಇದೆ. ಆದ್ದರಿಂದ ನಾನು ಟ್ರೈಲರ್ ನೋಡಲು ಹೋಗುವ ಮೊದಲು ಟೇಪು ಹಿಡಿದು ಕಾರಿನ ಪಕ್ಕ ಕೂರುತ್ತೇನೆ.

ಬರೆದುಕೊಳ್ಳಬೇಕಾದವು ಇಷ್ಟು: ಕನ್ನಡಿ ಬಿಟ್ಟು ಕಾರಿನ ಅಗಲ, ಹಿಂದಿನ ಟೈರ್‌ಗಳ ಹೊರಅಂಚಿನಿಂದ ಹೊರಅಂಚಿಗೆ ಇರುವ ಅಗಲ, ಒಟ್ಟು ಉದ್ದ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುಬಿಂದುಗಳ ನಡುವಿನ ದೂರ), ಎರಡು ಆಕ್ಸಲ್‌ಗಳ ನಡುವೆ ಹೊಟ್ಟೆ ನೆಲದಿಂದ ಎಷ್ಟು ಎತ್ತರ, ಮುಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಮೂತಿಯ ತುಟಿವರೆಗೆ ಎಷ್ಟು ದೂರ, ಆ ತುಟಿ ನೆಲದಿಂದ ಎಷ್ಟು ಎತ್ತರ, ಬಾಗಿಲಿನ ಕೆಳಅಂಚು ಎಷ್ಟು ಎತ್ತರ. ಕಂಪನಿಯ ಪುಸ್ತಕದಲ್ಲಿರುವ ಅಂಕಿ ನಂಬಬೇಡಿ. ಸ್ಪ್ರಿಂಗ್ ಬದಲಿಸಿದ್ದರೆ, ತುಟಿಗೆ ಸ್ಪ್ಲಿಟರ್ (ಗಾಳಿ ಸೀಳುವ ತಗ್ಗು ಪಟ್ಟಿ) ಹಾಕಿಸಿದ್ದರೆ ಅದು ನಿಮ್ಮ ಕಾರಿನ ಅಂಕಿಯೇ ಅಲ್ಲ.

ಒಂದು ಉದಾಹರಣೆ ಲೆಕ್ಕ. ವೀಲ್‌ಬೇಸ್ 2,450 ಮಿ.ಮೀ., ಹೊಟ್ಟೆ ಎತ್ತರ 110 ಮಿ.ಮೀ. ಎಂದಿಟ್ಟುಕೊಳ್ಳಿ. ರ‍್ಯಾಂಪ್ ಮುಗಿದು ಡೆಕ್ (ಕಾರು ನಿಲ್ಲುವ ಹಾಸು) ಶುರುವಾಗುವ ಏಣಿನ ಮೇಲೆ ಕಾರು ಅರ್ಧ ಅಲ್ಲಿ ಅರ್ಧ ಇಲ್ಲಿ ಇರುವಾಗ, ಆ ಎರಡರ ನಡುವಿನ ಕೋನ ಸುಮಾರು 10 ಡಿಗ್ರಿ ದಾಟಿದರೆ ಹೊಟ್ಟೆ ಏಣಿಗೆ ತಾಗುತ್ತದೆ. ಕೆಳಗಡೆ ಇನ್ನೂ ಬಿಗಿ. ಟೈರ್‌ನಿಂದ ತುಟಿಗೆ 900 ಮಿ.ಮೀ., ತುಟಿ ಎತ್ತರ 110 ಆದರೆ, ನೆಲದಿಂದ ರ‍್ಯಾಂಪ್‌ಗೆ ಒಮ್ಮೆಗೇ 7 ಡಿಗ್ರಿ ಏರಿದರೂ ತುಟಿ ಉಜ್ಜಿತೆಂದೇ ಲೆಕ್ಕ. ರ‍್ಯಾಂಪ್ ಒಟ್ಟು ಎಷ್ಟು ಡಿಗ್ರಿ ಎಂದು ಮಾತ್ರ ನೋಡಿದರೆ ಸಾಲದು. ಪ್ರತಿ ಮುರಿವಿನಲ್ಲಿ ಕೋನ ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಬೇಕು. ರ‍್ಯಾಂಪ್‌ನ ಬುಡದಲ್ಲಿ ಗಟ್ಟಿ ರಬ್ಬರ್ ಅಥವಾ ಮರದ ಓರೆ ಹಲಗೆ ಇಟ್ಟು ಏರನ್ನು ಎರಡು ಹಂತ ಮಾಡಿದರೆ ತುಟಿ ಉಳಿಯುತ್ತದೆ. ಮೇಲಿನ ಏಣಿಗೆ ಈ ಹಲಗೆ ಏನೂ ಮಾಡುವುದಿಲ್ಲ.

ಈಗ ಟ್ರೈಲರ್ ಕಡೆ. ಡೆಕ್ ಎತ್ತರ 550 ಮಿ.ಮೀ., ರ‍್ಯಾಂಪ್ ಉದ್ದ 2.4 ಮೀಟರ್ ಆದರೆ ಏರು 13 ಡಿಗ್ರಿ. ನಮ್ಮ ಕಾರಿಗೆ ಆಗದು. ಆದರೆ ಟ್ರೈಲರ್‌ನ ಮೂತಿ ಎತ್ತಿದರೆ ಬಾಲ ಇಳಿಯುತ್ತದೆ. ಕಪ್ಲರ್‌ನಿಂದ (ವಾಹನಕ್ಕೆ ಸಿಕ್ಕಿಸುವ ಟ್ರೈಲರ್ ಮೂತಿಯ ಕೊಂಡಿ) ಆಕ್ಸಲ್‌ಗಳ ನಡುವಿಗೆ 4 ಮೀಟರ್, ಅಲ್ಲಿಂದ ಬಾಲಕ್ಕೆ 2.5 ಮೀಟರ್ ಇದ್ದರೆ, ಮೂತಿಯನ್ನು 210 ಮಿ.ಮೀ. ಎತ್ತಿದಾಗ ಡೆಕ್ 3 ಡಿಗ್ರಿ ವಾಲಿ ಬಾಲ 130 ಮಿ.ಮೀ. ಕೆಳಗೆ ಬರುತ್ತದೆ. ರ‍್ಯಾಂಪ್ 10 ಡಿಗ್ರಿಗೆ ಇಳಿಯಿತು. ಡೆಕ್ ತಾನೂ ಅದೇ ಕಡೆಗೆ 3 ಡಿಗ್ರಿ ವಾಲಿರುವುದರಿಂದ ಮೇಲಿನ ಏಣಿನ ಕೋನ ಬರೀ 7 ಆಯಿತು. ಬುಡದಲ್ಲಿ ಓರೆ ಹಲಗೆಯನ್ನೂ ಇಟ್ಟರೆ ಆಗದ ಟ್ರೈಲರ್ ಆಗುವಂಥದ್ದಾಯಿತು! ಎಳೆಯುವ ವಾಹನದ ಹಿಂದಿನ ಚಕ್ರಗಳನ್ನು 150 ಮಿ.ಮೀ. ಎತ್ತರದ ಹಲಗೆಗಳ ಮೇಲೆ ಹತ್ತಿಸಿದರೆ, ಹಿಚ್ (ವಾಹನದ ಹಿಂದಿರುವ ಕೊಂಡಿ) ಹಿಂದಿನ ಆಕ್ಸಲ್‌ಗಿಂತ ಆಚೆ ಇರುವುದರಿಂದ, ಹಿಚ್ ಸುಮಾರು 200 ಮಿ.ಮೀ. ಏರುತ್ತದೆ. ಲೀಫ್ ಸ್ಪ್ರಿಂಗ್ ನಡುವೆ ಈಕ್ವಲೈಸರ್ (ಭಾರವನ್ನು ಎರಡೂ ಆಕ್ಸಲ್‌ಗೆ ಹಂಚುವ ತೂಗುಕೊಂಡಿ) ಇರುವ ಟ್ರೈಲರ್ ಈ ವಾಲಿಕೆಯನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ರಬ್ಬರ್ ಟಾರ್ಶನ್ ಆಕ್ಸಲ್ (ಸ್ಪ್ರಿಂಗ್ ಬದಲು ಒಳಗಿನ ರಬ್ಬರ್ ಭಾರ ಹೊರುವಂಥದ್ದು) ಆದರೆ ಭಾರ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಹತ್ತಿಸುವ ಹೊತ್ತಿಗೆ ನಡೆದೀತು, ಹಾಗೇ ನಿಲ್ಲಿಸಿಡಬಾರದು.

ಇಲ್ಲೊಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಕಾರಿನ ಮುಂದಿನ ಚಕ್ರ ಬಾಲದ ತುದಿಗೆ ಬಂದ ಕ್ಷಣ ಟ್ರೈಲರ್ ತಕ್ಕಡಿಯಂತೆ ಮೂತಿ ಎತ್ತುತ್ತದೆ, ಜೊತೆಗೆ ಎಳೆಯುವ ವಾಹನದ ಹಿಂಭಾಗವನ್ನೂ ಎತ್ತುತ್ತದೆ. ಬಹುತೇಕ ವಾಹನಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವು ಹಗುರವಾದರೆ ಇಡೀ ಸರಣಿ ಜಾರುತ್ತದೆ. ಆದ್ದರಿಂದ ಬಾಲದ ಎರಡೂ ಮೂಲೆಗೆ ಇಳಿಬಿಡುವ ಕಾಲುಗಳಿಲ್ಲದ ಟ್ರೈಲರನ್ನು ನಾನು ಕೊಳ್ಳುವುದಿಲ್ಲ, ಕೊಂಡರೆ ಮೊದಲ ಕೆಲಸ ಆ ಕಾಲು ಹಾಕಿಸುವುದು. ಹತ್ತಿಸುವಾಗ ಟ್ರೈಲರ್ ಹಿಚ್‌ಗೆ ಸಿಕ್ಕಿಯೇ ಇರಬೇಕು, ಎಳೆಯುವ ವಾಹನದ ಮುಂದಿನ ಚಕ್ರಗಳಿಗೂ ಅಡ್ಡಗಟ್ಟೆ ಇಟ್ಟಿರಬೇಕು.

ಟಿಲ್ಟ್ ಡೆಕ್ ಟ್ರೈಲರ್‌ನಲ್ಲಿ ಏಣು ಇರುವುದೇ ಇಲ್ಲ, ಇಡೀ ಹಾಸು ಒಂದೇ ಇಳಿಜಾರಾಗುತ್ತದೆ. ತೀರಾ ತಗ್ಗು ಕಾರಿಗೆ ಅದೇ ಸರಿ. ಆದರೆ ನೆಲ ಮುಟ್ಟುವ ತುದಿ ಎಷ್ಟು ದಪ್ಪ ಎಂದು ನೋಡಿ. 80 ಮಿ.ಮೀ. ಮೆಟ್ಟಿಲಿದ್ದರೆ ಅಲ್ಲೇ ತುಟಿ ಹೋಯಿತು.

ಬಾಗಿಲಿನ ವಿಷಯವನ್ನು ಮಾರುವವರು ತಾವಾಗಿ ಎತ್ತುವುದು ಕಡಿಮೆ. ಹಾಸು ಚಕ್ರಗಳ ಮಧ್ಯೆ ಇರುವ ತಗ್ಗು ಟ್ರೈಲರ್‌ಗಳಲ್ಲಿ ಮಡ್‌ಗಾರ್ಡ್ ಡೆಕ್‌ಗಿಂತ 200–300 ಮಿ.ಮೀ. ಮೇಲೆ ಎದ್ದಿರುತ್ತದೆ. ತಗ್ಗು ಕಾರಿನ ಬಾಗಿಲಿನ ಕೆಳಅಂಚೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಕಾರನ್ನು ಓಡಿಸಿಕೊಂಡು ಹತ್ತಿದಿರಿ, ಇಳಿಯಲು ನೋಡಿದರೆ ಬಾಗಿಲು ನಾಲ್ಕು ಬೆರಳು ಮಾತ್ರ ತೆರೆಯುತ್ತದೆ. ಬಾಗಿಲಿನ ಕೆಳಅಂಚು ಮಡ್‌ಗಾರ್ಡ್‌ಗಿಂತ ಕನಿಷ್ಠ 30 ಮಿ.ಮೀ. ಮೇಲಿರಬೇಕು. ಇಲ್ಲವಾದರೆ ಚಾಲಕನ ಬದಿಯ ಮಡ್‌ಗಾರ್ಡ್ ಬಿಚ್ಚಿಡುವಂತಿರಬೇಕು ಅಥವಾ ಮಡಚುವಂತಿರಬೇಕು. ಚಕ್ರಗಳ ಮೇಲೇ ಹಾಸು ಇರುವ ಟ್ರೈಲರ್‌ನಲ್ಲಿ ಬಾಗಿಲಿನ ತಕರಾರಿಲ್ಲ, ಆದರೆ ಡೆಕ್ ಎತ್ತರವಾಗುತ್ತದೆ. ಹೊಟ್ಟೆ ಉಳಿಸಲು ಹೋದರೆ ಬಾಗಿಲು, ಬಾಗಿಲು ಉಳಿಸಲು ಹೋದರೆ ಹೊಟ್ಟೆ. ತಗ್ಗು ಡೆಕ್ ಜೊತೆಗೆ ಬಿಚ್ಚುವ ಮಡ್‌ಗಾರ್ಡ್, ಇದೇ ನನ್ನ ಆಯ್ಕೆ.

ಇನ್ನು ಭಾರ ಕೂರುವ ಜಾಗ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಜೀವಕ್ಕೆ ಸಂಬಂಧಪಟ್ಟದ್ದು ಇದೇ. ಮುಂದೆ ಹಿಂದೆ ಸಮತೂಕದ ಕಾರಿನಲ್ಲಿ, ಮಾಜ್ದಾ ಎಂಎಕ್ಸ್-5 ಅಂಥದ್ದರಲ್ಲಿ, ಗುರುತ್ವಕೇಂದ್ರ ವೀಲ್‌ಬೇಸ್‌ನ ನಟ್ಟನಡುವೆ. ಪೋರ್ಷ 911ರಂತೆ ಎಂಜಿನ್ ಹಿಂದಿರುವ ಕಾರಿನಲ್ಲಿ ಸುಮಾರು 60% ಭಾರ ಹಿಂದಿನ ಚಕ್ರಗಳ ಮೇಲೆ. ವೀಲ್‌ಬೇಸ್ 2,450 ಆದರೆ ಗುರುತ್ವಕೇಂದ್ರ ಮುಂದಿನ ಆಕ್ಸಲ್‌ನಿಂದ 1,225ರ ಬದಲು 1,470 ಮಿ.ಮೀ. ಹಿಂದೆ, ಅಂದರೆ 245 ಮಿ.ಮೀ. ವ್ಯತ್ಯಾಸ. 1,500 ಕೆ.ಜಿ. ಕಾರು, ಕಪ್ಲರ್‌ನಿಂದ ಆಕ್ಸಲ್ ನಡುವಿಗೆ 4 ಮೀಟರ್ ಇದ್ದಾಗ, ಕಾರನ್ನು 100 ಮಿ.ಮೀ. ಹಿಂದೆ ಸರಿಸಿದರೆ ಹಿಚ್ ಮೇಲಿನ ಭಾರ 37 ಕೆ.ಜಿ. ಇಳಿಯುತ್ತದೆ. 245 ಮಿ.ಮೀ.ಗೆ 90 ಕೆ.ಜಿ. ದಾಟಿತು! ಒಂದು ಕಾರಿಗೆ ಅಚ್ಚುಕಟ್ಟಾಗಿದ್ದ ಟ್ರೈಲರ್ ಅದೇ ತೂಕದ ಇನ್ನೊಂದು ಕಾರಿಗೆ ಬಾಲ ಆಡಿಸುವುದು ಇದಕ್ಕೇ. ಮೂತಿ ಹಗುರವಾದರೆ ಟ್ರೈಲರ್ ತೂಗಾಡುತ್ತದೆ, ವೇಗ ಏರಿದಂತೆ ತೂಗಾಟವೂ ಏರುತ್ತದೆ.

ಹಾಗಾಗಿ ಎಂಜಿನ್ ಹಿಂದಿರುವ ಅಥವಾ ನಡುವಿರುವ ಕಾರಿಗೆ ಟ್ರೈಲರ್ ಕೊಳ್ಳುವಾಗ ಆಕ್ಸಲ್‌ಗಳ ಮುಂದೆ ಹಾಸು ಸಾಕಷ್ಟು ಉದ್ದ ಇರಬೇಕು, ಕಾರನ್ನು ಮುಂದಕ್ಕೆ ತರಲು ಜಾಗ ಬೇಕು. ಜಾಗ ಸಾಲದಿದ್ದರೆ ಕಾರನ್ನು ರಿವರ್ಸ್‌ನಲ್ಲಿ ಹತ್ತಿಸಬಹುದು. ಹಿಂಭಾಗದ ಕೋನವೂ ಬೇರೆಯೇ ಇರುವುದರಿಂದ ಅದನ್ನೂ ಅಳೆಯಿರಿ.

ಹಿಚ್ ಭಾರ ಎಷ್ಟಿರಬೇಕು? ಅಮೆರಿಕದ ರೂಢಿಯಲ್ಲಿ ತುಂಬಿದ ಟ್ರೈಲರ್‌ನ ತೂಕದ 10ರಿಂದ 15%. ಯುರೋಪಿನಲ್ಲಿ ಕಟ್ಟಿದ ಟ್ರೈಲರ್‌ಗಳಲ್ಲಿ ಕಡಿಮೆ, ಹಿಚ್‌ನ ಫಲಕದ ಮೇಲೆ ಸಾಮಾನ್ಯವಾಗಿ 75–150 ಕೆ.ಜಿ. ಮಿತಿ ಬರೆದಿರುತ್ತದೆ. ಕಪ್ಲರ್‌ನ ಮಿತಿ, ವಾಹನದ ಹಿಚ್‌ನ ಮಿತಿ, ಎರಡರಲ್ಲಿ ಕಡಿಮೆ ಇರುವುದೇ ನಿಮ್ಮದು. ತೂಗಲು ಮನೆಯ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲೆ, ಇನ್ನೊಂದನ್ನು ಯಂತ್ರದ ಮೇಲೆ ಇಟ್ಟು, ಹಲಗೆಯ ಭಾರವನ್ನು ಸೊನ್ನೆ ಮಾಡಿಕೊಳ್ಳಿ. ಇಟ್ಟಿಗೆಯಿಂದ ಮೂರರಲ್ಲಿ ಒಂದು ಪಾಲು ದೂರದಲ್ಲಿ ಟ್ರೈಲರ್‌ನ ಮೂತಿ ಕೂರಿಸಿ. ಯಂತ್ರ 38 ತೋರಿಸಿದರೆ ನಿಜವಾದ ಭಾರ 114 ಕೆ.ಜಿ. ಎಳೆಯುವಾಗಿನ ಎತ್ತರದಲ್ಲೇ ತೂಗಬೇಕು, ಮೂತಿ ಏರಿದರೆ ಅಂಕಿ ಇಳಿಯುತ್ತದೆ. ಸರಿಯಾದ ಜಾಗ ಸಿಕ್ಕ ಕೂಡಲೇ ಮುಂದಿನ ಚಕ್ರ ನಿಲ್ಲುವಲ್ಲಿ ಡೆಕ್‌ಗೆ ಅಡ್ಡಪಟ್ಟಿ ಬೋಲ್ಟ್ ಮಾಡಿಬಿಡುತ್ತೇನೆ. ಆಮೇಲೆ ಪ್ರತಿಸಲ ಅಳೆಯುವ ಕೆಲಸವಿಲ್ಲ.

ಒಟ್ಟು ತೂಕದ ಲೆಕ್ಕ ಸರಳ: ಟ್ರೈಲರ್ 750, ಕಾರು 1,450, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಸ್ಪೇರ್ ಚಕ್ರಗಳು, ಸಲಕರಣೆ 120, ಸೇರಿ 2,320 ಕೆ.ಜಿ. ಫಲಕದ ಮೇಲೆ ಒಟ್ಟು ತೂಕದ ಮಿತಿ 2,700ಕ್ಕಿಂತ ಕಡಿಮೆ ಇರುವ ಟ್ರೈಲರನ್ನು ನಾನು ತೆಗೆದುಕೊಳ್ಳುವುದಿಲ್ಲ. ಎಳೆಯುವ ವಾಹನದ ಮಿತಿಯೂ ಅಷ್ಟಿರಬೇಕು. ಮುಚ್ಚಿದ ಟ್ರೈಲರ್‌ನಲ್ಲಿ ಕಲ್ಲೇಟು, ಮಳೆಯ ಭಯವಿಲ್ಲ, ಆದರೆ ಅದೊಂದೇ 1,400 ಕೆ.ಜಿ. ದಾಟಬಹುದು, ಪಕ್ಕಗಾಳಿಗೆ ಹಾಯಿಯಂತೆ ವರ್ತಿಸುತ್ತದೆ, ಮತ್ತು ಚಾಲಕನ ಬಾಗಿಲಿಗೆ ನೇರವಾಗಿ ಗೋಡೆಯಲ್ಲೊಂದು ಬಾಗಿಲು ಬೇಕೇ ಬೇಕು.

ಹಳೆಯ ಟ್ರೈಲರ್ ಆದರೆ ಬಣ್ಣ ನೋಡಿ ಮರುಳಾಗಬೇಡಿ, ಕೆಳಗೆ ಮಲಗಿ ನೋಡಿ. ಮೂತಿಯ ಕಂಬಿ ಚೌಕಟ್ಟಿಗೆ ಸೇರುವಲ್ಲಿ, ಸ್ಪ್ರಿಂಗ್ ಹ್ಯಾಂಗರ್‌ಗಳ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಕಂಡರೆ ಅಲ್ಲಿಗೇ ಮಾತು ಮುಗಿಯಿತು. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ತುಕ್ಕಿನ ಗೆರೆ ಬಾರದು, ಬಿರುಕನ್ನು ಟಾರ್ಚ್ ಹಿಡಿದು ಹುಡುಕಬೇಕು, ಸ್ಟೀಲ್ ಬೋಲ್ಟ್‌ಗಳ ಸುತ್ತ ಬಿಳಿ ಪುಡಿ ಇದೆಯೇ ನೋಡಬೇಕು. ಕಪ್ಲರ್‌ನ ನಡುಬಿಂದುವಿನಿಂದ ಆಕ್ಸಲ್‌ನ ಎರಡೂ ತುದಿಗೆ ಟೇಪು ಹಿಡಿಯಿರಿ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆಕ್ಸಲ್ ಸೊಟ್ಟಗಿದೆ ಅಥವಾ ಚೌಕಟ್ಟು ತಿರುಚಿದೆ. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೂ ಅದೇ ಅನುಮಾನ.

ಟೈರ್‌ನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಟ್ರೈಲರ್ ಟೈರ್ ಸವೆದು ಸಾಯುವುದಕ್ಕಿಂತ ನಿಂತು ಒಣಗಿ ಸಾಯುವುದೇ ಹೆಚ್ಚು. ಆರು ವರ್ಷ ದಾಟಿದ್ದರೆ ಟೈರ್‌ನ ಗೆರೆ ಎಷ್ಟೇ ಆಳವಿರಲಿ, ಹೊಸ ಟೈರ್‌ನ ದುಡ್ಡನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ತಿರುಗಿಸಿ ಕಿವಿಗೊಡಿ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ.

ಬ್ರೇಕ್ ಎರಡು ಬಗೆ. ಎಲೆಕ್ಟ್ರಿಕ್ ಬ್ರೇಕ್‌ಗೆ ಎಳೆಯುವ ವಾಹನದಲ್ಲಿ ಕಂಟ್ರೋಲರ್ ಬೇಕು. ಓವರ್‌ರನ್ ಬ್ರೇಕ್ ಟ್ರೈಲರ್ ಮುಂದಕ್ಕೆ ನೂಕಿದಾಗ ತಾನೇ ಹಿಡಿಯುತ್ತದೆ. ಎರಡನೆಯದರಲ್ಲಿ ಡ್ಯಾಂಪರ್ (ನೂಕನ್ನು ಮೆತ್ತಗಾಗಿಸುವ ಸಿಲಿಂಡರ್) ಪರೀಕ್ಷೆ ಮರೆಯಬೇಡಿ: ಟ್ರೈಲರ್ ಹ್ಯಾಂಡ್‌ಬ್ರೇಕ್ ಎಳೆದು, ಕಪ್ಲರ್ ಹಿಡಿದು ಮೈಭಾರ ಹಾಕಿ ಒಳಕ್ಕೆ ನೂಕಿ. ಬಿಗಿಯಾಗಿ ಒಳಹೋಗಿ, ಬಿಟ್ಟಾಗ ನಿಧಾನವಾಗಿ ಹೊರಬಂದರೆ ಚೆನ್ನಾಗಿದೆ. ಸರಕ್ಕನೆ ಒಳಹೋಗಿ ಠಣ್ ಎಂದರೆ, ಅಥವಾ ಒಳಗೇ ಉಳಿದರೆ, ಡ್ಯಾಂಪರ್ ಸತ್ತಿದೆ. ಬ್ರೇಕ್ ಹಾಕಿದಾಗಲೆಲ್ಲ ಬೆನ್ನಿಗೆ ಗುದ್ದುತ್ತದೆ. ಕೊಂಡಿ ಕಳಚಿದರೆ ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ ಎಳೆಎಳೆಯಾಗಿದ್ದರೆ ಬದಲಿಸಿ. ಕಪ್ಲರ್ ಮೇಲೆ ಅಚ್ಚಾದ ಬಾಲ್ (ಹಿಚ್‌ನ ಗುಂಡು) ಅಳತೆಯನ್ನೂ ಓದಿ: 50 ಮಿ.ಮೀ. ಬಾಲ್, 2 ಇಂಚಿನ ಬಾಲ್ ಒಂದೇ ಅಲ್ಲ, 2 ಇಂಚು ಅಂದರೆ 50.8.

ಕಟ್ಟುವ ಕೊಕ್ಕೆಗಳು, ಅಂದರೆ ಡಿ-ರಿಂಗ್‌ಗಳು, ಚೌಕಟ್ಟಿಗೆ ಸೇರಿರಬೇಕು. ಬರೀ ಹಾಸಿನ ಹಲಗೆಗೆ ಸ್ಕ್ರೂ ಹಾಕಿದ್ದರೆ ಅವು ಲೆಕ್ಕಕ್ಕಿಲ್ಲ. ನಾನು ಕಟ್ಟುವುದು ಟೈರ್‌ಗಳನ್ನು, ಚಾಸಿಯನ್ನಲ್ಲ. ಚಾಸಿಗೆ ಬೆಲ್ಟ್ ಬಿಗಿದರೆ ಸಸ್ಪೆನ್ಶನ್ ಕುಣಿದಾಗಲೆಲ್ಲ ಬೆಲ್ಟ್ ಸಡಿಲಾಗಿ ಮತ್ತೆ ಜಗ್ಗುತ್ತದೆ. ಟೈರ್ ಕಟ್ಟಿದರೆ ಕಾರು ತನ್ನ ಸ್ಪ್ರಿಂಗ್ ಮೇಲೆ ತಾನು ಕೂತಿರುತ್ತದೆ. 50 ಮಿ.ಮೀ. ಅಗಲದ ನಾಲ್ಕು ರ‍್ಯಾಚೆಟ್ ಬೆಲ್ಟ್, ಟೈರ್ ಮೇಲೆ ಕೂರುವ ರಬ್ಬರ್ ಗಟ್ಟಿಗಳ ಸಮೇತ. ಲೇಬಲ್‌ನಲ್ಲಿ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಬೆಲ್ಟ್ ಹರಿದುಹೋಗುವ ಬಲ. ಕೆಲಸದ ಮಿತಿ ಅದರ ಮೂರರಲ್ಲೊಂದು: 4,500 ಇದ್ದರೆ 1,500 ಕೆ.ಜಿ. ಎಂದು ಹಿಡಿಯಿರಿ. ತಗ್ಗು ಕಾರಿನಲ್ಲಿ ಟೈರ್‌ಗೂ ಫೆಂಡರ್‌ಗೂ ನಡುವೆ ಎರಡು ಬೆರಳು ಜಾಗವಿದ್ದರೆ ಹೆಚ್ಚು. ರಬ್ಬರ್ ಗಟ್ಟಿ ಅಲ್ಲಿ ಸಿಕ್ಕಿಕೊಂಡು ಪ್ರತಿ ಹಳ್ಳಕ್ಕೂ ಫೆಂಡರ್‌ನ ಬಣ್ಣ ತಿನ್ನುತ್ತದೆ. ಗಟ್ಟಿಗಳನ್ನು ಟೈರ್‌ನ ಮುಂಬದಿಗೆ, ಹಿಂಬದಿಗೆ ಸರಿಸಿ, ನೆತ್ತಿಯ ಮೇಲೆ ಬರೀ ಪಟ್ಟಿ ಹಾಯುವಂತೆ ಮಾಡಿ.

ವಿಂಚ್ ಇದ್ದರೆ ಬಾಗಿಲಿನ ಸಮಸ್ಯೆ ಅರ್ಧ ಕರಗುತ್ತದೆ. 1,500 ಕೆ.ಜಿ. ಕಾರನ್ನು 10 ಡಿಗ್ರಿ ಏರಿಸಲು ಬೇಕಾದ ಎಳೆತ ಸುಮಾರು 260 ಕೆ.ಜಿ., ಉರುಳುವ ತಡೆ ಸೇರಿ 300. 1,000 ಕೆ.ಜಿ. ವಿಂಚ್ ಧಾರಾಳ. ಡ್ರಮ್ ಮೇಲೆ ಹಗ್ಗದ ಸುತ್ತು ಹೆಚ್ಚಿದಂತೆ ಬಲ ಇಳಿಯುತ್ತದೆಂಬುದು ನೆನಪಿರಲಿ. ಕಾರಿನ ಟೋ ಕೊಕ್ಕೆ ಮೂತಿಯ ಒಂದು ಬದಿಗೆ ಇರುವುದರಿಂದ ವಿಂಚ್ ಬಿಂದುವನ್ನು ಅದರ ನೇರಕ್ಕೆ ಸರಿಸುವಂತಿರಬೇಕು, ಇಲ್ಲದಿದ್ದರೆ ಕಾರು ಓರೆಯಾಗಿ ಹತ್ತುತ್ತದೆ. ಆ ಕೊಕ್ಕೆ ಕೆಲವು ಕಾರುಗಳಲ್ಲಿ ಎಡಕ್ಕೆ ತಿರುಗಿಸುವ ಥ್ರೆಡ್ಡು. ಬಲವಂತ ಮಾಡಿದರೆ ಥ್ರೆಡ್ ಹಾಳು. ವಿಂಚ್ ಹಗ್ಗವನ್ನು ಕಟ್ಟು ಎಂದು ನಂಬಿ ಪ್ರಯಾಣ ಮಾಡಬೇಡಿ, ಬೆಲ್ಟ್ ಬಿಗಿದಮೇಲೆ ಸಡಿಲ ಬಿಡಿ. ಕಾರಿನ ಅಲಾರಂನಲ್ಲಿ ವಾಲಿಕೆ ಸೆನ್ಸರ್ ಇದ್ದರೆ ಅದನ್ನೂ ಆರಿಸಿ. ಇಲ್ಲವಾದರೆ ದಾರಿಯುದ್ದಕ್ಕೂ ಕೂಗಿ, ಇಳಿಸುವ ಹೊತ್ತಿಗೆ ಬ್ಯಾಟರಿ ಖಾಲಿ.

ದುಡ್ಡು ಕೊಡುವ ಮೊದಲು ನಿಮ್ಮದೇ ಕಾರನ್ನು ಒಯ್ದು ಹತ್ತಿಸಿ ನೋಡಿ. ಮಾರುವವರು ಒಪ್ಪದಿದ್ದರೆ ಡೆಕ್ ಎತ್ತರ, ರ‍್ಯಾಂಪ್ ಉದ್ದ, ಮಡ್‌ಗಾರ್ಡ್ ಎತ್ತರ, ಮಡ್‌ಗಾರ್ಡ್‌ಗಳ ನಡುವಿನ ಅಗಲ, ಈ ನಾಲ್ಕನ್ನಾದರೂ ಅಳೆದು ಮನೆಯಲ್ಲಿ ಲೆಕ್ಕ ಹಾಕಿ ಆಮೇಲೆ ಮಾತು ಕೊಡಿ. ತಂದಮೇಲೆ ಮೊದಲ 20 ಕಿ.ಮೀ.ಗೆ ನಿಲ್ಲಿಸಿ ಬೆಲ್ಟ್‌ಗಳನ್ನು ಮತ್ತೆ ಬಿಗಿಯಿರಿ, ನಾಲ್ಕೂ ಹಬ್ (ಚಕ್ರದ ನಡುಭಾಗ) ಮುಟ್ಟಿ ನೋಡಿ. ಒಂದು ಮಾತ್ರ ಉಳಿದ ಮೂರಕ್ಕಿಂತ ಬಿಸಿಯಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. 80 ಕಿ.ಮೀ.ಗೆ ಚಕ್ರದ ನಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ, 160ಕ್ಕೆ ಇನ್ನೊಮ್ಮೆ.