ಜಪಾನ್–ಕೊರಿಯಾ ಯುವ ವಿನಿಮಯಕ್ಕೆ ದಾವಣಗೆರೆಯಲ್ಲಿ ಬೆಂಬಲಿಗರನ್ನು ಕೂಡಿಸುವ ಬಗೆ

ಜಪಾನ್ ಮತ್ತು ದಕ್ಷಿಣ ಕೊರಿಯಾದ ತರುಣರನ್ನು ಒಂದು ವಾರ ದಾವಣಗೆರೆಗೆ ಕರೆಸಿಕೊಳ್ಳಲು ಬಯಸುವ ಸಂಘವು, ಯಾರ ಬಾಗಿಲಿಗೂ ಹೋಗುವ ಮುನ್ನ ಯಾರಿಂದ ಏನು ಬೇಕೆಂಬುದನ್ನು ಬರೆದುಕೊಳ್ಳಬೇಕು. ‘ತಮ್ಮ ಸಹಕಾರ ಕೋರುತ್ತೇವೆ’ ಎಂಬ ಪತ್ರಕ್ಕೆ ‘ನೋಡೋಣ’ ಎಂಬ ಉತ್ತರವೇ ಬರುತ್ತದೆ. ‘ಗುರುವಾರ ಚಿತ್ರದುರ್ಗದ ಕೋಟೆಗೆ ಹೋಗಿಬರಲು 30 ಆಸನಗಳ ಬಸ್ಸು ಬೇಕು, ಡೀಸೆಲ್ ಖರ್ಚು ನಮ್ಮದು’ ಎಂದು ಬರೆದರೆ ಕಾಲೇಜಿನ ಆಡಳಿತ ಮಂಡಳಿಗೆ ಹೌದು ಅಥವಾ ಇಲ್ಲ ಎನ್ನುವುದು ಸುಲಭ.

ಬೆಂಗಳೂರಿನ ಜಪಾನ್ ದೂತಾವಾಸ ಕಚೇರಿ, ದೆಹಲಿಯ ಜಪಾನ್ ಫೌಂಡೇಶನ್ ಹಾಗೂ ಕೊರಿಯನ್ ಸಾಂಸ್ಕೃತಿಕ ಕೇಂದ್ರಗಳಿಗೆ ಬರೆಯುವಾಗ ಹಣಕ್ಕಿಂತ ಉಪನ್ಯಾಸಕರನ್ನೋ ಪ್ರದರ್ಶನದ ಸಾಮಗ್ರಿಯನ್ನೋ ಕೇಳುವುದು ಮೇಲು. ಲಿಖಿತ ಒಪ್ಪಿಗೆ ಕೈಸೇರುವವರೆಗೆ ಅವರ ಲಾಂಛನವನ್ನು ಬ್ಯಾನರಿನಲ್ಲಿ ಹಾಕಕೂಡದು.

ಹೊರದೇಶದ ಸಂಸ್ಥೆ ಹಣ ಕಳಿಸುತ್ತೇವೆಂದರೆ ಹಿಗ್ಗಿ ಖಾತೆ ಸಂಖ್ಯೆ ಕೊಡಬೇಡಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಸಂಘವು ಅದನ್ನು ಪಡೆಯುವಂತಿಲ್ಲ. ತಮ್ಮ ತಂಡದ ವಿಮಾನದ ಟಿಕೆಟನ್ನು ಅವರೇ ಕೊಳ್ಳಲಿ.

ಇನ್ನು, ಎರಡು ದೇಶಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುವ ಅಭ್ಯಾಸ ನಮ್ಮಲ್ಲಿದೆ. ಸಹಭಾಗಿಗಳು ಮುನಿಸಿಕೊಳ್ಳಲು ಅಷ್ಟು ಸಾಕು. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಇಬ್ಬರ ನಡುವಿನ ಕಡಲನ್ನು ಜಪಾನಿನವರು ಜಪಾನ್ ಸಮುದ್ರವೆಂದೂ ಕೊರಿಯಾದವರು ಪೂರ್ವ ಸಮುದ್ರವೆಂದೂ ಕರೆಯುವುದರಿಂದ, ಕರಪತ್ರದಲ್ಲಿ ಚೆಂದಕ್ಕೆಂದು ಅಚ್ಚು ಹಾಕಿಸಿದ ನಕ್ಷೆಯೂ ಒಂದು ಪಕ್ಷ ವಹಿಸಿದಂತಾಗುತ್ತದೆ. ನನ್ನ ಮಾತು ಕೇಳುವುದಾದರೆ ನಕ್ಷೆಯನ್ನೇ ಬಿಡಿ, ಕೋಟೆಯ ಚಿತ್ರ ಹಾಕಿಸಿ. ಎರಡೂ ಕಡೆ ಬೇಸಿಗೆ ರಜೆ ಆಗಸ್ಟ್ ತಿಂಗಳಲ್ಲಿ ಇರುವುದರಿಂದ ಭೇಟಿ ಆಗಲೇ ಕೂಡಿಬರುವುದು ಸಹಜ. ಆದರೆ ಆಗಸ್ಟ್ 15 ನಮ್ಮಂತೆ ಕೊರಿಯಾಕ್ಕೂ ಬಿಡುಗಡೆಯ ದಿನ, ಜಪಾನಿಗೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಧ್ವಜಾರೋಹಣಕ್ಕೆ ಇಬ್ಬರನ್ನೂ ವೇದಿಕೆ ಹತ್ತಿಸಿ ಮಾತನಾಡಿಸುವ ಮುನ್ನ ಎರಡೂ ತಂಡಗಳ ಮುಖ್ಯಸ್ಥರನ್ನು ಬೇರೆಬೇರೆಯಾಗಿ ಕೇಳಬೇಕು.

ಆತಿಥ್ಯಕ್ಕೆ ಮನೆಗಳು ಸಿಗುವುದು ನಮ್ಮೂರಿನಲ್ಲಿ ಕಷ್ಟವಲ್ಲ. ಬೆಣ್ಣೆ ದೋಸೆ ತಿನ್ನಿಸಲು ಪೈಪೋಟಿಯೇ ನಡೆದೀತು. ಮನೆಯಲ್ಲಿ ಮಾಂಸ ಮಾಡುವುದಿಲ್ಲವೆಂಬ ಸಂಗತಿಯನ್ನು ಮಾತ್ರ ಅತಿಥಿಗಳಿಗೆ ಮೊದಲೇ ತಿಳಿಸಿರಬೇಕು. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ಸಲ್ಲಿಸುವ ಹೊಣೆ ಮನೆಯೊಡೆಯರದು. ಇದನ್ನು ಅವರು ಒಪ್ಪಿಗೆ ಕೊಡುವ ಮೊದಲೇ ಹೇಳಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳನ್ನು ಮನೆಗೊಂದರಂತೆ ಲಕೋಟೆಯಲ್ಲಿಟ್ಟು ತಲುಪಿಸಿರಬೇಕು.