ಪ್ರಬಂಧ ಬರೆಸಲು ಸಿನಿಮಾ ಹಾಕಿ

ಒಂಬತ್ತನೇ ಕ್ಲಾಸಿನವರಿಗೆ ಪ್ರಬಂಧ ಬರೆಯಿರಿ ಅಂದರೆ ಕಥೆಯನ್ನೇ ಬರೆದುಕೊಡುತ್ತಾರೆ, ಕೊನೆಗೊಂದು ನೀತಿ ಸೇರಿಸಿ. ಈ ಚಾಳಿ ಬಿಡಿಸಲು ನಾನು ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ (2001) ಹಾಕುತ್ತೇನೆ. ದೇವತೆಗಳು ಸ್ನಾನಕ್ಕೆ ಬರುವ ದೊಡ್ಡ ಮನೆ. ಹಂದಿಗಳಾಗಿ ಹೋದ ಅಪ್ಪ ಅಮ್ಮನನ್ನು ಬಿಡಿಸಿಕೊಳ್ಳಲು ಹತ್ತು ವರ್ಷದ ಚಿಹಿರೊ ಅಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಚಿತ್ರ 125 ನಿಮಿಷ, ಮೂರು ಪೀರಿಯಡ್ ಬೇಕು. ಮೊದಲ ಸಲ ನೋಟ್ಸ್ ಬೇಡ, ಸುಮ್ನೆ ನೋಡಲಿ.

ಆಮೇಲೆ ಚಿಕ್ಕ ಪ್ರಶ್ನೆ ಕೊಡಿ. ‘ಚಿತ್ರದ ಸಂದೇಶವೇನು’ ಅಂತ ಕೇಳಿದರೆ ಮತ್ತೆ ನೀತಿಯೇ ಬರುತ್ತದೆ. ನನ್ನ ಪ್ರಶ್ನೆ: ಚಿಹಿರೊಗೆ ಯಾರು ಏನು ಕೊಡುತ್ತಾರೆ? ಯಾವುದನ್ನು ತೆಗೆದುಕೊಳ್ಳುತ್ತಾಳೆ, ಯಾವುದನ್ನು ಬೇಡ ಅನ್ನುತ್ತಾಳೆ?

ಆ ದೃಶ್ಯಗಳನ್ನಷ್ಟೇ ಮತ್ತೆ ಹಾಕಿ. ಮುಖವಾಡ ಹಾಕಿದ ‘ನೋ ಫೇಸ್’ ಸ್ನಾನದ ನೀರಿಗೆ ಬೇಕಾದ ಟೋಕನ್ ಕದ್ದು ಕೊಡುತ್ತದೆ. ಒಂದನ್ನು ಇಟ್ಟುಕೊಳ್ಳುತ್ತಾಳೆ. ಕೈತುಂಬ ತಂದಾಗ ಇಷ್ಟೊಂದು ಬೇಡ ಅನ್ನುತ್ತಾಳೆ. ಮುಂದೆ ಅದೇ ನೋ ಫೇಸ್ ಅಂಗೈಯಿಂದ ಬಂಗಾರ ಸುರಿಸುತ್ತದೆ. ಕೆಲಸದವರೆಲ್ಲ ಮುಗಿಬೀಳುತ್ತಾರೆ, ಇವಳು ಬೇಡ ಅಂದು ಹೊರಟೇಬಿಡುತ್ತಾಳೆ. ನಡುವೆ ಗಬ್ಬು ನಾರುವ ದೇವರೊಬ್ಬ ಬರುತ್ತಾನೆ. ಅವನ ಮೈಗೆ ಚುಚ್ಚಿಕೊಂಡಿದ್ದನ್ನು ಎಳೆದರೆ ಸೈಕಲ್ಲು, ಅದರ ಹಿಂದೆ ರಾಶಿ ಕಸ! ಅವನು ನಿಜಕ್ಕೂ ನದಿಯ ದೇವರು. ಹೋಗುವಾಗ ಅವಳ ಕೈಯಲ್ಲಿ ಔಷಧಿಯ ಉಂಡೆಯೊಂದನ್ನು ಬಿಟ್ಟು ಹೋಗುತ್ತಾನೆ.

ಈಗ ಒಂದು ವಾಕ್ಯದಲ್ಲಿ ವಾದ ಬರೆಸಿ. ‘ಚಿಹಿರೊಗೆ ದುರಾಸೆ ಇಲ್ಲ’ ಅನ್ನುವುದು ನಡೆಯಲ್ಲ. ಯಾರೂ ಇಲ್ಲ ಅನ್ನದ ಮಾತು ವಾದವಾಗುವುದು ಹೇಗೆ? ‘ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಾಳೆ’ ಅಂದರೆ ಜಗಳಕ್ಕೆ ಜಾಗವಿದೆ. ಟೋಕನ್ನಿಗೆ ಸರಿಹೋಗುತ್ತದೆ, ಉಂಡೆಗೆ? ಅದನ್ನು ಅವಳು ಅರ್ಧ ತನಗೆ ನೆರವಾದ ‘ಹಾಕು’ ಎಂಬ ಹುಡುಗನಿಗೆ, ಉಳಿದದ್ದು ನೋ ಫೇಸ್‌ಗೆ ತಿನ್ನಿಸುತ್ತಾಳೆ. ಹಾಗಾದರೆ ವಾದ ತಿದ್ದಬೇಕು: ‘ಇನ್ನೊಬ್ಬರಿಗೆ ಉಪಯೋಗ ಆಗುವುದನ್ನೇ ಇಟ್ಟುಕೊಳ್ಳುತ್ತಾಳೆ.’ ಈ ತಿದ್ದುವ ಹೊತ್ತಿಗೆ ಒಂದು ಪೀರಿಯಡ್ ಪೂರ್ತಿ ಹೋದರೂ ಹೋಗಲಿ. ಪಾಠ ಇರುವುದೇ ಇಲ್ಲಿ.

ಪುರಾವೆ ಬಳಸುವಾಗ ಕ್ರಮ ನೋಡಿ. ನೋ ಫೇಸ್‌ನ ಬಂಗಾರ ಕೊನೆಗೆ ಮಣ್ಣಾಗುತ್ತದೆ. ಬೇಡ ಅಂದಾಗ ಚಿಹಿರೊಗೆ ಅದು ಗೊತ್ತಿಲ್ಲ. ‘ಮಣ್ಣಾಗುವ ಬಂಗಾರ ಅಂತ ಬಿಟ್ಟಳು’ ಎಂದು ಬರೆದರೆ ನಾನು ಕೆಂಪು ಇಂಕಿನಲ್ಲಿ ಕಾಟು ಹಾಕುತ್ತೇನೆ.

ಒಂದೊಂದು ಪ್ಯಾರಾದಲ್ಲಿ ದೃಶ್ಯಕ್ಕೆ ಎರಡೇ ವಾಕ್ಯ, ಅದು ವಾದಕ್ಕೆ ಹೇಗೆ ಹೊಂದುತ್ತದೆ ಅನ್ನುವುದಕ್ಕೆ ನಾಲ್ಕು. ಪೀಠಿಕೆ ಎಲ್ಲ ಆದ ಮೇಲೆ ಬರೆಯಲಿ, ಏನು ಹೇಳಿದ್ದೇವೆ ಅಂತ ಆಗಲೇ ಅಲ್ವಾ ಗೊತ್ತಾಗೋದು? ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು ಬೇಡ. ವಾದಕ್ಕೆ ಒಗ್ಗದ ಒಂದು ಸಂಗತಿ ಎತ್ತಿಕೊಳ್ಳಲಿ. ಚಿತ್ರದ ಕೊನೆಯ ಭಾಗದಲ್ಲಿ ಮಾಟಗಾತಿ ಜೆನಿಬಾ ಅಜ್ಜಿ ಚಿಹಿರೊಗೆ ಕೂದಲಿಗೆ ಕಟ್ಟಿಕೊಳ್ಳಲು ಒಂದು ಬ್ಯಾಂಡ್ ಕೊಡುತ್ತಾಳೆ. ಚಿಹಿರೊ ಅದನ್ನು ಯಾರಿಗೂ ಕೊಡುವುದಿಲ್ಲ, ತಾನೇ ಕಟ್ಟಿಕೊಳ್ಳುತ್ತಾಳೆ. ಇದನ್ನು ಬಿಡಿಸಲು ಯಾರಾದರೂ ಇನ್ನೊಂದು ಹಾಳೆ ಕೇಳಿದರೆ ಕೊಟ್ಟುಬಿಡಿ.