ಅಡಿಕೆ ಅಂಗಳವನ್ನು ಪಾಪ್ ಕಲೆಯಲ್ಲಿ ಬರೆಯುವ ಬಗೆ

ಜಾಹೀರಾತು, ಕಾಮಿಕ್ಸ್, ಅಂಗಡಿಯ ಸಾಮಾನುಗಳ ಚಿತ್ರಗಳನ್ನೇ ಕಲೆಗೆ ತರುವ ಪಾಪ್ ಕಲೆ ಎಂದೊಡನೆ ನನ್ನ ಬಳಿ ಕಲಿಯಲು ಬರುವ ಮಕ್ಕಳು ಬೇಕಲ ಕೋಟೆಯನ್ನು ಬರೆದು, ಅದಕ್ಕೆ ಗುಲಾಬಿಯೋ ನೇರಳೆಯೋ ತುಂಬಿ, ಮೂಲೆಯಲ್ಲೊಂದು ತಂಪು ಪಾನೀಯದ ಬಾಟಲಿ ಇಡುತ್ತಾರೆ. ಬಣ್ಣ ಜೋರಾಗಿಯೇ ಇರುತ್ತದೆ, ಆದರೆ ಕೋಟೆಗೂ ಬಾಟಲಿಗೂ ಮಾತುಕತೆಯೇ ನಡೆಯುವುದಿಲ್ಲ. ಎರಡು ಪರಂಪರೆಗಳು ಒಂದೇ ಚಿತ್ರದಲ್ಲಿ ಬೆರೆಯಬೇಕಾದರೆ ಅವೆರಡೂ ಮೊದಲೇ ಒಪ್ಪಿಕೊಂಡಿರುವ ಜಾಗವನ್ನು ಹುಡುಕಬೇಕು. ನನಗೆ ಅದು ಸಿಕ್ಕಿದ್ದು ಅಡಿಕೆ ಒಣಗುವ ಅಂಗಳದಲ್ಲಿ. ಕಾಸರಗೋಡಿನ ಪೆರ್ಲ, ಬಾಯಾರು, ಮುಳ್ಳೇರಿಯ ಕಡೆಯವರಿಗೆ ಆ ಅಂಗಳವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅದನ್ನು ಬರೆಯುವುದು ಹೇಗೆ ಎಂಬುದನ್ನಷ್ಟೇ ಹೇಳುತ್ತೇನೆ.

ಕುಂಚ ಹಿಡಿಯುವ ಮೊದಲು ಎರಡು ಬಗೆಯ ಚಿತ್ರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಒಂದು, ಅಮೆರಿಕದ ರಾಯ್ ಲಿಕ್ಟನ್‌ಸ್ಟೈನ್ ಬರೆದ ಚೀನೀ ಶೈಲಿಯ ಭೂದೃಶ್ಯಗಳು. ಅಗ್ಗದ ಕಾಮಿಕ್ಸ್ ಮುದ್ರಣದ ಚುಕ್ಕಿಗಳನ್ನು 1960ರ ದಶಕದ ಆರಂಭದಲ್ಲಿ ಕ್ಯಾನ್ವಾಸಿಗೆ ತಂದು ಹೆಸರಾದ ಈ ಕಲಾವಿದರು 1997ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಮಾಡಿದ ಸರಣಿ ಇದು. ಚೀನಾದ ಹಳೆಯ ಚಿತ್ರಕಾರರು ಮಸಿಯ ತೆಳು ಲೇಪದಿಂದ ತಂದ ಮಂಜನ್ನು ಇವರು ಬರೀ ಚುಕ್ಕಿಗಳಿಂದ ತಂದರು. ಚುಕ್ಕಿ ದೊಡ್ಡದಾದಲ್ಲಿ ಬೆಟ್ಟ ಗಟ್ಟಿಯಾಗುತ್ತದೆ, ಸಣ್ಣದಾಗುತ್ತ ಹೋದಲ್ಲಿ ಮಂಜು ಕವಿಯುತ್ತದೆ. ಅಚ್ಚುಯಂತ್ರದ ಚುಕ್ಕಿ ಅಲ್ಲಿ ಒಂದು ದೇಶದ ಬೆಟ್ಟಗಳನ್ನು ಕಾಣುವ ಕ್ರಮವನ್ನೇ ಹೊತ್ತು ನಿಲ್ಲುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ನೋಡಿಲ್ಲ.

ಇನ್ನೊಂದು, ಜಮ್ಮು ಪ್ರದೇಶದ ಬಸೋಹ್ಲಿಯ ಕಿರುಚಿತ್ರಗಳು, ಎಂದರೆ ಮಿನಿಯೇಚರ್‌ಗಳು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿನ ಅವುಗಳಲ್ಲಿ ನೆಲವೆಂದರೆ ಒಂದೇ ಹಳದಿ ಅಥವಾ ಒಂದೇ ಕೆಂಪು, ನೆರಳಿಲ್ಲ, ಮಸುಕಿಲ್ಲ. ಆಕಾಶ ಮೇಲಂಚಿನಲ್ಲಿ ಒಂದು ಪಟ್ಟಿಯಷ್ಟೇ. ಆಭರಣದ ಪಚ್ಚೆಕಲ್ಲಿಗೆ ಜೀರುಂಡೆಯ ಹೊಳೆಯುವ ರೆಕ್ಕೆಯ ಚೂರನ್ನೇ ಕತ್ತರಿಸಿ ಅಂಟಿಸುತ್ತಿದ್ದರು. ಚಪ್ಪಟೆ ಬಣ್ಣ, ಸ್ಪಷ್ಟ ಗೆರೆ, ಹೊರಗಿನ ವಸ್ತುವನ್ನು ಹಾಗೆಯೇ ಚಿತ್ರದೊಳಗೆ ಕರೆತರುವ ಧೈರ್ಯ: ಪಾಪ್ ಕಲೆ ಬೇಡುವುದೆಲ್ಲ ನಮ್ಮಲ್ಲಿ ಆಗಲೇ ಇತ್ತು. ಹಾಗಾಗಿ ನಿಮ್ಮ ಚಿತ್ರದಲ್ಲಿ ದಿಗಂತವನ್ನು ಎತ್ತರಕ್ಕೆ ಒಯ್ಯಿರಿ. ಮನೆಯ ಉಪ್ಪರಿಗೆಯ ಕಿಟಕಿಯಿಂದ ಕಂಡಂತೆ ಕೆಳಗಿನ ಅರ್ಧ ಭಾಗ ಅಂಗಳಕ್ಕೆ, ಅದರ ಮೇಲೆ ತೋಟ, ಮತ್ತೂ ಮೇಲೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ, ತುದಿಯಲ್ಲಿ ಎರಡು ಬೆರಳಗಲದ ಆಕಾಶ.

ಮೂರು ಅಡಿ ಎತ್ತರ, ಎರಡು ಅಡಿ ಅಗಲದ ಪ್ಲೈವುಡ್ ಸಾಕು. ಬಿಳಿ ಪ್ರೈಮರನ್ನು ಎರಡು ಸಲ ಹಚ್ಚಿ, ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ಉಜ್ಜಿ. ಬಣ್ಣ ಅಕ್ರಿಲಿಕ್ ಇರಲಿ. ಅಂಗಡಿಗಳ ಬೋರ್ಡ್ ಬರೆಯುವ ಕಾಲದಲ್ಲಿ ನಾನು ಎನಾಮಲ್ ಬಣ್ಣವನ್ನೇ ಬಳಸುತ್ತಿದ್ದೆ, ಅದರ ಹೊಳಪು ಈಗಲೂ ನನಗೆ ಪ್ರಿಯ. ಆದರೆ ಒಂದರ ಮೇಲೊಂದು ಪದರ ಹಾಕಬೇಕಾದ ಈ ಕೆಲಸಕ್ಕೆ ಅದು ಒಣಗುವುದು ನಿಧಾನ.

ಬಣ್ಣಗಳನ್ನು ಐದಕ್ಕೆ ಕಟ್ಟಿಹಾಕಿ, ಐದನ್ನೂ ತೋಟದಿಂದಲೇ ಆರಿಸಿ. ಹಣ್ಣಡಿಕೆಯ ಕಿತ್ತಳೆ, ಸೋಗೆಯ ಕಡು ಹಸಿರು, ಮುರಕಲ್ಲಿನ ಕೆಂಪು, ಬಿಸಿಲು ಹೊಡೆಯದಂತೆ ಮರಕ್ಕೆ ಬಳಿಯುವ ಸುಣ್ಣದ ಬಿಳಿ, ಮತ್ತೆ ಮೈಲುತುತ್ತಿನ (ಕಾಪರ್ ಸಲ್ಫೇಟಿನ) ನೀಲಿ. ಈ ನೀಲಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೊಳೆರೋಗ ಬಾರದಿರಲೆಂದು ಮಳೆಗಾಲದ ಹೊತ್ತಿಗೆ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ಮಿಶ್ರಣ, ಆ ನೀಲಿ ಇದು. ಡ್ರಮ್ಮಿನಲ್ಲಿ, ಪಂಪಿನ ಪೈಪಿನಲ್ಲಿ, ಮದ್ದು ಬಿಡುವವರ ಅಂಗಿಯ ತೋಳಿನಲ್ಲಿ, ಮರದ ಮೈಮೇಲೆ ಇಳಿದ ಗೀರುಗಳಲ್ಲಿ ಅದನ್ನು ನೋಡಿದ್ದೀರಿ. ಅದು ಆಕಾಶದ ನೀಲಿಯಲ್ಲ, ಸಮುದ್ರದ್ದೂ ಅಲ್ಲ. ಕಾರ್ಖಾನೆಯ ಚೀಲದಿಂದ ಬಂದು ನಮ್ಮ ಹಸಿರಿನ ನಡುವೆ ಊರಿನದೇ ಆಗಿಬಿಟ್ಟ ಬಣ್ಣ. ಪಾಪ್ ಕಲೆಯ ಬಣ್ಣ ಎಂದರೆ ನನ್ನ ಮಟ್ಟಿಗೆ ಇಂಥದ್ದು. ಥ್ಯಾಲೋ ಎಂಬ ಕಡು ನೀಲಿಗೆ ಬಹಳಷ್ಟು ಬಿಳಿ, ತುಸು ಹಸಿರು ಬೆರೆಸಿದರೆ ಹತ್ತಿರಕ್ಕೆ ಬರುತ್ತದೆ. ಒಂದು ಡಬ್ಬಿಯಷ್ಟು ಒಮ್ಮೆಗೇ ಕಲಸಿಡಿ, ಮತ್ತೆ ಕಲಸಿದರೆ ಅದೇ ಬಣ್ಣ ಸಿಗುವುದಿಲ್ಲ.

ಇಡೀ ಅಂಗಳವನ್ನು ಈ ನೀಲಿಯಿಂದ ತುಂಬಿ. ಅಂಗಳ ನೀಲಿಯಾಗಿರುತ್ತದೆಯೇ ಎಂದು ಕೇಳುವವರಿಗೆ ಬಸೋಹ್ಲಿಯ ಹಳದಿ ನೆಲವನ್ನು ತೋರಿಸಿ. ಮದ್ದು ಬಿಡುವುದು ಮಳೆಗಾಲದಲ್ಲಿ, ಅಡಿಕೆ ಒಣಗಿಸುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಎರಡನ್ನೂ ಒಟ್ಟಿಗೆ ತರಬಹುದೇ ಎಂದೂ ಕೇಳುತ್ತಾರೆ. ಖಂಡಿತ ತರಬಹುದು. ನಮ್ಮ ಕಿರುಚಿತ್ರಗಳಲ್ಲಿ ಒಂದೇ ಚೌಕಟ್ಟಿನೊಳಗೆ ಒಬ್ಬನೇ ಕೃಷ್ಣ ಬೇರೆ ಬೇರೆ ಗಳಿಗೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ.

ಇನ್ನು ಅಡಿಕೆ. ಒಂದೊಂದು ಅಡಿಕೆಯೂ ಒಂದು ಚುಕ್ಕಿ. ಹಳೆಯ ಎಕ್ಸ್‌ರೇ ಫಿಲ್ಮನ್ನು ಬಿಸಿನೀರಿನಲ್ಲಿ ತೊಳೆದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಂಚ್‌ನಿಂದ ಸಾಲಾಗಿ ತೂತು ಹೊಡೆಯಿರಿ. ಅಡಿಕೆ ಗೋಣಿಯ ಮೇಲೆ ವ್ಯಾಪಾರಿಯ ಹೆಸರೊತ್ತುವ ತಗಡಿನ ಅಚ್ಚಿದೆಯಲ್ಲ, ಅದರ ಕ್ರಮವೇ. ಇಪ್ಪತ್ತು, ಹನ್ನೆರಡು, ಆರು ಮಿಲಿಮೀಟರಿನ ತೂತುಗಳಿರುವ ಮೂರು ಅಚ್ಚುಗಳು ಬೇಕು. ಕೆಳಗಿನ ಸಾಲುಗಳಿಗೆ ದೊಡ್ಡದು, ನಡುವಿಗೆ ಮಧ್ಯಮ, ತೋಟದ ಅಂಚಿಗೆ ಸಣ್ಣದು. ಸಾಲುಗಳನ್ನು ದೂರದಲ್ಲಿ ಒಂದು ಬಿಂದುವಿಗೆ ಕೂಡಿಸಬೇಡಿ; ನೇರವಾಗಿಯೇ ಇರಲಿ, ಗಾತ್ರ ಮಾತ್ರ ಬದಲಾಗಲಿ. ದೂರವೆಂಬುದು ಆಗ ಮುದ್ರಣದ ಭಾಷೆಯಲ್ಲಿಯೇ ಮೂಡುತ್ತದೆ.

ಸ್ಪಂಜಿಗೆ ಬಣ್ಣ ತಾಗಿಸಿ, ಹಳೆಯ ಪತ್ರಿಕೆಯ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಬಹುಪಾಲು ಒಣಗಿದ ಸ್ಪಂಜಿನಿಂದ ತಟ್ಟಿ. ಬಣ್ಣ ಹೆಚ್ಚಾದರೆ ಅಚ್ಚಿನಡಿಗೆ ಹರಿಯುತ್ತದೆ. ಕಿತ್ತಳೆ ಬಣ್ಣದ ಮೈ ತೆಳು, ನೀಲಿಯ ಮೇಲೆ ನೇರವಾಗಿ ಹಾಕಿದರೆ ಕಂದಾಗುತ್ತದೆ. ಮೊದಲು ಬಿಳಿ ಚುಕ್ಕಿ ತಟ್ಟಿ, ಒಣಗಿದ ಮೇಲೆ ಅದೇ ಅಚ್ಚನ್ನು ಕೂದಲೆಳೆಯಷ್ಟು ಸರಿಸಿ ಕಿತ್ತಳೆ ತಟ್ಟಿ. ಒಂದು ಬದಿಯಲ್ಲಿ ಉಳಿಯುವ ಬಿಳಿ ಅಂಚು ಅಗ್ಗದ ಮುದ್ರಣದಲ್ಲಿ ಬಣ್ಣ ಜಾರಿದಂತೆಯೂ ಕಾಣುತ್ತದೆ, ಅಡಿಕೆಯ ಮೇಲಿನ ಬಿಸಿಲಿನಂತೆಯೂ ಕಾಣುತ್ತದೆ. ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು.

ಮರಗಳಿಗೆ ದಾರ ಬೇಕು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಚಿಮ್ಮಿಸಿದರೆ ಹಲಗೆಯ ಮೇಲೆ ಗೆರೆ ಬೀಳುತ್ತದೆ, ಬೋರ್ಡ್ ಬರೆಯುವವರೆಲ್ಲ ಬಲ್ಲ ವಿದ್ಯೆ. ಹಸಿರಿನ ಮೇಲೆ ಸಾಲು ಸಾಲು ಕಾಂಡಗಳು ಬರಲಿ. ತೋಟವೇ ಪುನರಾವರ್ತನೆ, ಅದಕ್ಕಾಗಿ ಬೇರೆ ಉಪಾಯ ಬೇಡ. ಉಂಗುರದ ಗುರುತುಗಳ ಅಂತರವನ್ನು ಮಾತ್ರ ಕೈಯಿಂದ, ಮರಮರಕ್ಕೂ ಬೇರೆಯಾಗಿ ಹಾಕಿ.

ಅಕ್ಷರ ಬೇಕೆನಿಸಿದರೆ ಅಂಗಳದ ಮೂಲೆಯಲ್ಲಿ ಒಂದು ಗೋಣಿ ಇಟ್ಟು, ಅದರ ಮೇಲೆ ನೀವೇ ಕಲ್ಪಿಸಿದ ಹೆಸರೊಂದನ್ನು ಕನ್ನಡದಲ್ಲೋ ಮಲಯಾಳದಲ್ಲೋ ಎರಡರಲ್ಲೋ ಬರೆಯಿರಿ. ಆಕಾಶದಲ್ಲಿ ಬರೆದರೆ ಪೋಸ್ಟರ್ ಆಗಿಬಿಡುತ್ತದೆ. ಬರೋಡದ ಕಲಾವಿದ ಭೂಪೇನ್ ಖಖ್ಖರ್ ಅವರ 1972ರ ಚಿತ್ರ ‘ಜನತಾ ವಾಚ್ ರಿಪೇರಿಂಗ್’ ನೋಡಿ, ಅಲ್ಲಿ ಅಕ್ಷರ ಅಂಗಡಿಗೆ ಸೇರಿದ್ದು.

ಹೊರಗೆರೆಯನ್ನು ಕೊನೆಗೆ ಹಾಕಿ: ಗೋಣಿಗೆ ದಪ್ಪ ಕಪ್ಪು, ಮರಗಳಿಗೆ ತೆಳು, ಗುಡ್ಡೆಗೆ ಕಡುಕಂದು. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿ. ಅಡಿಕೆ ಮತ್ತು ಅಂಗಳ ಒಂದೇ ಬೂದುಬಣ್ಣವಾಗಿ ಕಂಡರೆ ಅಂಗಳದ ಅಂಚನ್ನು ಇನ್ನಷ್ಟು ತಿಳಿಗೊಳಿಸಿ.

ಒಂದು ಚಿತ್ರದಿಂದ ತೃಪ್ತಿಯಾಗದವರು ಅದೇ ರೇಖಾಚಿತ್ರವನ್ನು ನಾಲ್ಕು ಹಲಗೆಗಳಿಗೆ ಇಳಿಸಿಕೊಳ್ಳಿ. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್ 1985ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯನ್ನು ಹೀಗೆಯೇ ಬಣ್ಣ ಬದಲಿಸಿ ಬದಲಿಸಿ ಬರೆದರು. ನಮಗೆ ಬಣ್ಣ ಬದಲಿಸಲು ಕಾರಣವೇ ಇದೆ: ಹರಡಿದ ದಿನದ ಕಿತ್ತಳೆ, ಬಾಡುವ ಅರಶಿನಗಂದು, ಕಂದು, ಕೊನೆಗೆ ಸಿಪ್ಪೆ ಸುಕ್ಕಾದ ಚಾಲಿಯ, ಅಂದರೆ ಪೂರ್ತಿ ಒಣಗಿದ ಅಡಿಕೆಯ, ಬೂದುಗಂದು.

ಮಳೆಗಾಲದಲ್ಲಿ ಪ್ಲೈವುಡ್ಡಿನ ಬೆನ್ನಿಗೂ ಅಂಚಿಗೂ ಪ್ರೈಮರ್ ಹಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಬಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಮ್ಯಾಟ್ ವಾರ್ನಿಷನ್ನು ಮಳೆ ಬಿಟ್ಟ ಒಣ ದಿನ ನೋಡಿ ಹಚ್ಚಿ.